ಗಟ್ಟಿ ನೆಲ ಸಿಗುವವರೆಗೆ

(ನೆಲಮಂಗಲದಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಕ್ರಿಸ್ತನ ಮೇಲೆ ಬದುಕಿನ ಬುನಾದಿ ಹಾಕುವುದು ಎಂದರೇನು ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ನೀವು ಕೇಳಿದ್ದೀರಿ. ಈ ವಿಷಯ ಬಂದ ಕೂಡಲೇ ಬಂಡೆಯ ಮೇಲೆ ಮನೆ ಕಟ್ಟಿದವನ ಸಾಮತಿ ಎಲ್ಲರಿಗೂ ನೆನಪಾಗುತ್ತದೆ. ಭಾನುವಾರದ ಶಾಲೆಯಲ್ಲಿ ಕೈ ಆಡಿಸುತ್ತಾ ಅದನ್ನು ಹಾಡಿದವರು ಇಲ್ಲಿ ಬಹಳ ಮಂದಿ ಇದ್ದೀರಿ. ಅಷ್ಟು ಪರಿಚಿತವಾದ್ದರಿಂದಲೇ ಅದರೊಳಗಿರುವ ಕಠಿಣ ಮಾತು ನಮ್ಮ ಕಿವಿಗೆ ಬೀಳದೆ ಹೋಗಿದೆ ಎಂದು ನನಗೆ ಅನಿಸುತ್ತದೆ.

ನಾವು ಸಾಮಾನ್ಯವಾಗಿ ಹೇಳಿಕೊಳ್ಳುವುದು ಹೀಗೆ: ಬಂಡೆಯ ಮೇಲೆ ಕಟ್ಟಿದವನು ವಿಶ್ವಾಸಿ, ಮರಳಿನ ಮೇಲೆ ಕಟ್ಟಿದವನು ಹೊರಗಿನವನು. ಮತ್ತಾಯನ 7ನೇ ಅಧ್ಯಾಯವನ್ನು ನಿಧಾನವಾಗಿ ಓದಿ ನೋಡಿ. ಇಬ್ಬರೂ ಯೇಸುಸ್ವಾಮಿಯ ಮಾತನ್ನು ಕೇಳಿಸಿಕೊಂಡವರೇ. ಇಬ್ಬರೂ ಒಂದೇ ಬೆಟ್ಟದ ಮೇಲೆ, ಒಂದೇ ಗುಂಪಿನಲ್ಲಿ ಕೂತಿದ್ದವರು. ಇಂದಿನ ಲೆಕ್ಕದಲ್ಲಿ ಹೇಳುವುದಾದರೆ ಇಬ್ಬರಿಗೂ ಸ್ನಾನದೀಕ್ಷೆ ಆಗಿದೆ, ಇಬ್ಬರೂ ಕಾಣಿಕೆ ಹಾಕುತ್ತಾರೆ, ಇಬ್ಬರ ಮನೆಯ ಗೋಡೆಯ ಮೇಲೂ ಶಿಲುಬೆ ಇದೆ. ಕೇಳಿದ್ದನ್ನು ಒಬ್ಬನು ಮಾಡಿದನು, ಇನ್ನೊಬ್ಬನು ಮಾಡಲಿಲ್ಲ. ಅವರ ನಡುವೆ ಇರುವುದು ಅಷ್ಟೇ ವ್ಯತ್ಯಾಸ. ಮರಳಿನ ಮನೆಯವನನ್ನು ಹುಡುಕಲು ನಾವು ದೇವಾಲಯದ ಬಾಗಿಲು ದಾಟಿ ಹೊರಗೆ ಹೋಗಬೇಕಾಗಿಲ್ಲ.

ಇನ್ನೊಂದು ಸಂಗತಿ. ಮಳೆ ಇಬ್ಬರ ಮನೆಯ ಮೇಲೂ ಸುರಿಯಿತು. ಗಾಳಿ ಇಬ್ಬರ ಮನೆಗೂ ಬಡಿಯಿತು. ನಂಬಿದರೆ ಸಾಲ ತೀರುತ್ತದೆ, ಕಾಯಿಲೆ ಹತ್ತಿರ ಸುಳಿಯುವುದಿಲ್ಲ, ಮಗನಿಗೆ ವೀಸಾ ಬರುತ್ತದೆ ಎಂದು ವೇದಿಕೆಯ ಮೇಲಿನಿಂದ ಮಾತು ಕೊಡುವವರು ಈಗ ಹೆಚ್ಚಾಗಿದ್ದಾರೆ. ಕಷ್ಟದಲ್ಲಿರುವವರು ಆ ಮಾತಿಗೆ ಹೋಗುತ್ತಾರೆ, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಮಳೆಯೇ ಬಾರದ ಮನೆಯನ್ನು ಯೇಸುಸ್ವಾಮಿ ಯಾರಿಗೂ ತೋರಿಸಲಿಲ್ಲ. ಅವರು ತೋರಿಸಿದ್ದು ಮಳೆಯಲ್ಲಿ ನಿಂತ ಮನೆಯನ್ನು.

ಇದೇ ಸಾಮತಿಯನ್ನು ಲೂಕನೂ ಬರೆದಿದ್ದಾನೆ, 6ನೇ ಅಧ್ಯಾಯದಲ್ಲಿ. ಮತ್ತಾಯನಲ್ಲಿ ಇಲ್ಲದ ಒಂದು ವಿವರ ಅಲ್ಲಿದೆ. ಲೂಕನ ಮನುಷ್ಯ ನೆಲವನ್ನು ಅಗೆಯುತ್ತಾನೆ, ಆಳವಾಗಿ ಅಗೆಯುತ್ತಾನೆ, ಬಂಡೆ ಸಿಕ್ಕಿದ ಮೇಲೆ ಅಡಿಪಾಯ ಹಾಕುತ್ತಾನೆ. ಬಂಡೆ ಅವನಿಗೆ ಮೇಲೆಯೇ ಸಿದ್ಧವಾಗಿ ಸಿಗುವುದಿಲ್ಲ. ನೆಲಮಂಗಲದವರಿಗೆ ಇದನ್ನು ನಾನು ವಿವರಿಸಿ ಹೇಳಬೇಕಾಗಿಲ್ಲ. ಶಿವಗಂಗೆಯ ಗ್ರಾನೈಟ್ ಬೆಟ್ಟವನ್ನು ದಿನವೂ ನೋಡುವ ತಾಲ್ಲೂಕು ಇದು. ಆದರೂ ಎಲ್ಲ ಕಡೆಯೂ ಕಲ್ಲು ಮೇಲಕ್ಕೆ ಬಂದಿಲ್ಲ. ಆ ಬೆಟ್ಟದ ಕಡೆಯಿಂದ ಹುಟ್ಟಿ ಬರುವ ಕುಮುದ್ವತಿ ತಿಪ್ಪಗೊಂಡನಹಳ್ಳಿಯ ಕಡೆಗೆ ಹರಿಯುವ ದಾರಿಯುದ್ದಕ್ಕೂ ಕೆರೆಗಳನ್ನು ಕಟ್ಟಿದ ನಾಡು ಇದು. ಹೆದ್ದಾರಿ ಅಗಲವಾಯಿತು, ಗೋದಾಮುಗಳು ಬಂದವು, ಸೋಂಪುರದ ಕಡೆ ಕಾರ್ಖಾನೆಗಳು ಬಂದವು, ಕೆರೆಯಂಗಳಕ್ಕೆ ಮಣ್ಣು ಹೊಡೆದು ಸೈಟು ಮಾಡಿದವರೂ ಬಂದರು.

ಪಾಯ ತೆಗೆಯುವಾಗ ಹಳೆಯ ಮೇಸ್ತ್ರಿಗಳು ಏನು ಮಾಡುತ್ತಿದ್ದರು ನೋಡಿದ್ದೀರಾ? ಇಷ್ಟು ಅಡಿ ಎಂದು ಮೊದಲೇ ಹೇಳುತ್ತಿರಲಿಲ್ಲ. ಮೇಲಿನ ಸಡಿಲ ಮಣ್ಣು ತೆಗೆಸಿ, ಕೆಳಗಿನ ಜೇಡಿ ತೆಗೆಸಿ, ಗುಂಡಿಗೆ ಇಳಿದು ಹಾರೆಯನ್ನು ಎತ್ತಿ ಕುಟ್ಟುತ್ತಿದ್ದರು. ಹಾರೆ ಮೆತ್ತಗೆ ಇಳಿದರೆ ಇನ್ನೂ ಅಗೆಯಿರಿ ಎನ್ನುತ್ತಿದ್ದರು. ಠಣ್ ಎಂದು ಸದ್ದು ಬಂದ ಮೇಲೆಯೇ ಸೈಜುಗಲ್ಲು ಇಳಿಸಿ ಎನ್ನುತ್ತಿದ್ದದ್ದು. ಮನೆಯ ಯಜಮಾನನಿಗೆ ಸಂಕಟ. ದುಡ್ಡೆಲ್ಲ ಮಣ್ಣೊಳಗೆ ಹೋಗುತ್ತಿದೆ, ಬಂದ ನೆಂಟರಿಗೆ ತೋರಿಸಲು ಏನೂ ಇಲ್ಲ. ಪಕ್ಕದ ಸೈಟಿನವನು ಮಣ್ಣು ಹೊಡೆಸಿದ ಜಾಗದಲ್ಲಿ ಎರಡೇ ಅಡಿ ತೆಗೆದು ಆಗಲೇ ಕಿಟಕಿ ಕೂರಿಸುತ್ತಿರುತ್ತಾನೆ. ಗೃಹಪ್ರವೇಶದ ದಿನ ಎರಡೂ ಮನೆ ಒಂದೇ ರೀತಿ ಕಾಣುತ್ತವೆ.

ಹಾಗಾದರೆ ಬದುಕಿನಲ್ಲಿ ಅಗೆಯುವುದು ಎಂದರೆ ಏನು? ಬೆಟ್ಟದ ಮೇಲಿನ ಪ್ರಸಂಗವು ಮತ್ತಾಯನ 5ನೇ ಅಧ್ಯಾಯದಲ್ಲಿ ಆರಂಭವಾಗಿ 7ರಲ್ಲಿ ಮುಗಿಯುತ್ತದೆ. ಈ ಸಾಮತಿ ಆ ಪ್ರಸಂಗದ ಕೊನೆಯ ಮಾತು. 'ನನ್ನ ಈ ಮಾತುಗಳು' ಎಂದು ಯೇಸುಸ್ವಾಮಿ ಹೇಳಿದ್ದು ಆಗಷ್ಟೇ ಆಡಿ ಮುಗಿಸಿದ್ದ ಮಾತುಗಳನ್ನು. ಸಹೋದರನಿಗೆ ನಿನ್ನ ಮೇಲೆ ದೂರಿದ್ದರೆ ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಹೋಗಿ ರಾಜಿ ಮಾಡಿಕೋ ಎಂಬುದು ಅದರಲ್ಲಿದೆ. ಹೌದಾದರೆ ಹೌದು ಎನ್ನು, ಅಲ್ಲವಾದರೆ ಅಲ್ಲ ಎನ್ನು ಎಂಬುದಿದೆ. ಹಗೆಯವರನ್ನು ಪ್ರೀತಿಸುವುದು, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಂತೆ ಕೊಡುವುದು, ದೇವರನ್ನೂ ದುಡ್ಡನ್ನೂ ಒಟ್ಟಿಗೆ ಯಜಮಾನರನ್ನಾಗಿ ಇಟ್ಟುಕೊಳ್ಳದಿರುವುದು ಅದರಲ್ಲಿವೆ. ಒಂದೊಂದೂ ಮಾಡಬೇಕಾದ ಕೆಲಸ. ಇವುಗಳನ್ನು ಮಾಡುತ್ತಾ ಹೋದಾಗ ನಮ್ಮೊಳಗಿನ ಸಡಿಲ ಮಣ್ಣು ಎದ್ದು ಬರುತ್ತದೆ. ಕ್ರಿಸ್ತ ಎಂಬ ಬಂಡೆ ಮೊದಲಿನಿಂದಲೂ ಅಲ್ಲಿಯೇ ಇದೆ. ವಿಧೇಯತೆಯಿಲ್ಲದೆ ನಮ್ಮ ಮನೆ ಅದನ್ನು ಮುಟ್ಟುವುದಿಲ್ಲ. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇದೊಂದನ್ನೇ.

ನಮ್ಮ ನಾಡಿನಲ್ಲಿ ಇದನ್ನು ಯಾರು ಮಾಡಿದರು ಎಂದು ನೋಡೋಣ. ಮಾತು ಕೇಳಬೇಕಾದರೆ ಮೊದಲು ಅದು ಕನ್ನಡದಲ್ಲಿ ಇರಬೇಕಿತ್ತು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರು ಇಪ್ಪತ್ತು ವರ್ಷ ಕೂತು 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡದಲ್ಲಿ ಮುದ್ರಿಸಿದರು. ಆ ಕೆಲಸ ದೊಡ್ಡದು. ಆದರೆ ಹಳೇ ಮೈಸೂರಿನ ಹಳ್ಳಿಗಾಡಿನಲ್ಲಿ ಬಹಳ ಜನಕ್ಕೆ ಪುಸ್ತಕ ತಲುಪುವ ಮೊದಲೇ ಪುಸ್ತಕದಲ್ಲಿದ್ದುದನ್ನು ಮಾಡಿ ತೋರಿಸಿದವರು ತಲುಪಿದ್ದರು.

ಅಬ್ಬೆ ದ್ಯುಬುವಾ ಅವರ ವಿಷಯ ಹೇಳುತ್ತೇನೆ. ಫ್ರಾನ್ಸಿನಲ್ಲಿ ಕ್ರಾಂತಿ ನಡೆಯುತ್ತಿದ್ದ 1792ರಲ್ಲಿ ಭಾರತಕ್ಕೆ ಹೊರಟ ಪಾದ್ರಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಚದುರಿಹೋದ ಕ್ರೈಸ್ತರನ್ನು ಕೂಡಿಸಲು ಮೈಸೂರು ಸೀಮೆಗೆ ಬಂದರು. ನಮ್ಮವರಂತೆ ಉಟ್ಟು, ನಮ್ಮವರ ಊಟ ಮಾಡಿ ಬದುಕಿದರು. ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆದರು. ಹಾಸನದ ಹತ್ತಿರ ಸತ್ತಿಹಳ್ಳಿಯಲ್ಲಿ ಬೇಸಾಯದ ನೆಲೆ ಮಾಡಿಕೊಟ್ಟರು. ಸಿಡುಬಿಗೆ ಲಸಿಕೆ ಹೊಸದಾಗಿ ಬಂದಿದ್ದ ಕಾಲದಲ್ಲಿ, ಜನ ಅದಕ್ಕೆ ಹೆದರುತ್ತಿದ್ದಾಗ, ಊರೂರಿಗೆ ಹೋಗಿ ಲಸಿಕೆ ಹಾಕಿಸಿದರು. ಮೂವತ್ತು ವರ್ಷ ಹೀಗೆ ದುಡಿದು 1823ರಲ್ಲಿ ಫ್ರಾನ್ಸಿಗೆ ಮರಳಿದರು. ಅದೇ ವರ್ಷ ಅಚ್ಚಾದ ತಮ್ಮ ಪತ್ರಗಳಲ್ಲಿ, ಈ ದೇಶದಲ್ಲಿ ಕ್ರೈಸ್ತ ಧರ್ಮ ಬೇರೂರುವ ಭರವಸೆ ತಮಗಿಲ್ಲ ಎಂಬ ಅರ್ಥದ ಮಾತು ಬರೆದರು. ಅದನ್ನು ಓದಿದಾಗ ನನಗೆ ಎದೆ ಭಾರವಾಯಿತು. ಸೋತೆ ಎಂದು ಬರೆದುಕೊಂಡವರ ಸತ್ತಿಹಳ್ಳಿಯಲ್ಲಿ ಇನ್ನೂರು ವರ್ಷ ಕಳೆದ ಮೇಲೆ ಇವತ್ತಿಗೂ ಕನ್ನಡದಲ್ಲಿ ಪೂಜೆ ನಡೆಯುತ್ತದೆ. ಕಟ್ಟಿದವರಿಗೆ ಮನೆ ಕಾಣಲಿಲ್ಲ. ಅವರು ಪಾಯದ ಗುಂಡಿಯಲ್ಲಿಯೇ ಇದ್ದರು.

ಇನ್ನೊಂದು ಬಗೆಯ ಹೆಸರೂ ಇದೆ, ಆಳಿದವರ ಹೆಸರು. ನಮ್ಮ ತಾಲ್ಲೂಕಿನಲ್ಲೇ ಇರುವ ಡಾಬಸ್‌ಪೇಟೆ ಮಾರ್ಕ್ ಕಬ್ಬನ್ನರ ಕಾಲದ ಬ್ರಿಟಿಷ್ ಅಧಿಕಾರಿ ಡಾಬ್ಸ್ ಅವರ ಹೆಸರನ್ನು ಹೊತ್ತಿದೆ. ತುಮಕೂರಿನಲ್ಲಿ ಕೂತು ಚಿತ್ರದುರ್ಗ ವಿಭಾಗವನ್ನು ಆಳಿದವರು. ಅಂಥ ಹೆಸರುಗಳನ್ನು ನಮ್ಮ ಧರ್ಮದ ಬುನಾದಿ ಎಂದು ತೋರಿಸಿಕೊಳ್ಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆಳುವವರ ಧರ್ಮವಾಗಿದ್ದುದು ನಮ್ಮ ಧರ್ಮಕ್ಕೆ ಹೊರೆಯಾಯಿತೇ ಹೊರತು ಬಲವಾಗಲಿಲ್ಲ. ಬಲ ಎಲ್ಲಿಂದ ಬಂತು ಎಂದು ತಿಳಿಯಲು ಧಾತು ಈಶ್ವರ ಸಂವತ್ಸರಗಳ ಬರಕ್ಕೆ ಹೋಗಬೇಕು.

1876ರಿಂದ 78ರವರೆಗಿನ ಆ ಬರವನ್ನು ನಮ್ಮ ಅಜ್ಜಿಯರ ಅಜ್ಜಿಯರು ಕಂಡಿದ್ದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷಕ್ಕೂ ಹೆಚ್ಚು ಜನ. 1881ರ ಗಣತಿಯಲ್ಲಿ ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ಸಂಖ್ಯೆ ಎಂಟು ಲಕ್ಷಕ್ಕೂ ಮಿಕ್ಕಿ ಇಳಿದಿತ್ತು. ಮಳೆ ಹೋಯಿತು, ರಾಗಿ ಹೋಯಿತು, ದನ ಹೋದವು, ಆಮೇಲೆ ಜನ ಊರು ಬಿಟ್ಟು ಬೆಂಗಳೂರಿನ ಗಂಜಿ ಕೇಂದ್ರಗಳ ಕಡೆಗೆ ನಡೆದರು. ತುಮಕೂರು ಕಡೆಯಿಂದ ಬಂದವರು ನಡೆದದ್ದು ನೆಲಮಂಗಲದ ಈ ದಾರಿಯಲ್ಲೇ. ದೊಡ್ಡವರು ದಾರಿಯಲ್ಲಿ ಸತ್ತರು, ಮಕ್ಕಳು ಉಳಿದರು. ಯಾರ ಮಕ್ಕಳು, ಯಾವ ಊರು, ಯಾವ ಜಾತಿ ಎಂದು ಹೇಳಲು ಯಾರೂ ಇರಲಿಲ್ಲ.

ಆ ಮಕ್ಕಳನ್ನು ಎತ್ತಿಕೊಂಡವರಲ್ಲಿ ಹಲವು ಬಗೆಯ ಕ್ರೈಸ್ತರಿದ್ದರು. ಕೋಲಾರದಲ್ಲಿ ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಮಹಿಳೆ ಅನಾಥಾಲಯ ತೆರೆದರು. 1890ರಲ್ಲಿ ಅದು ಅಮೆರಿಕದ ಮೆಥೊಡಿಸ್ಟ್ ಸಭೆಯ ಕೈಗೆ ಬಂತು. ಅದೇ ಸಭೆ 1910ರಲ್ಲಿ ಅಲ್ಲಿ ಕಟ್ಟಿದ ಆಸ್ಪತ್ರೆಯನ್ನು ಕೋಲಾರದ ಸೀಮೆಯಲ್ಲಿ ಕಾಣದವರಿಲ್ಲ. ಇತ್ತ ಕಥೋಲಿಕ ಮಿಷನ್ನಿನ ಫ್ರೆಂಚ್ ಪಾದ್ರಿಗಳು ಬರದಲ್ಲಿ ಉಳಿದ ಅನಾಥರಿಗಾಗಿ ಬೇಸಾಯದ ಹಳ್ಳಿಗಳನ್ನು ಎಬ್ಬಿಸಿದರು. ಅವುಗಳಲ್ಲಿ ಒಂದು ಹೆಸರಘಟ್ಟದ ಕಡೆಯ ಸಿಲುವೇಪುರ. ಇಲ್ಲಿಂದ ದೂರವೇನಿಲ್ಲ, ನಿಮ್ಮಲ್ಲಿ ಹಲವರಿಗೆ ಅಲ್ಲಿ ನೆಂಟರಿದ್ದಾರೆ. ಅಪ್ಪ ಅಮ್ಮ ಇಲ್ಲದ ಮಕ್ಕಳಿಗೆ ನೆಲ ಸಿಕ್ಕಿತು, ಬೆಳೆದು ಮದುವೆಯಾಗಿ ಒಕ್ಕಲಾದರು. ಅದೇ ಊರಿನಲ್ಲಿ ನೂರು ವರ್ಷದ ನಂತರ ಕಲಾವಿದ ಜ್ಯೋತಿ ಸಾಹಿ ಮತ್ತು ಶಿಕ್ಷಣ ತಜ್ಞೆ ಜೇನ್ ಸಾಹಿ ಬಂದು ನೆಲೆಸಿದರು. 1975ರಲ್ಲಿ ಜೇನ್ ಸಾಹಿ ಅಲ್ಲಿ ಹಳ್ಳಿಯ ಮಕ್ಕಳಿಗಾಗಿ ಸೀತಾ ಶಾಲೆಯನ್ನು ತೆರೆದರು. ಮಕ್ಕಳಿಗಾಗಿ ಎದ್ದ ಊರಿಗೆ ಮಕ್ಕಳ ಕೆಲಸವೇ ಮತ್ತೆ ಬಂತು.

ಈ ಚರಿತ್ರೆಯ ಮೇಲೆ ಒಂದು ಆಕ್ಷೇಪಣೆ ಇದೆ. ಹಸಿದಿದ್ದವರಿಗೆ ಅನ್ನ ಕೊಟ್ಟು ಮತಕ್ಕೆ ಸೇರಿಸಿಕೊಂಡರು, ನೀವು ಅನ್ನಕ್ಕೆ ಬಂದವರು ಎಂದು ನಮ್ಮನ್ನು ಹೀಯಾಳಿಸಿದವರುಂಟು. ಶಾಲೆಯಲ್ಲಿ ಈ ಮಾತು ಕೇಳಿ ಅಳುತ್ತಾ ಮನೆಗೆ ಬಂದ ಮಕ್ಕಳೂ ಉಂಟು. ಮಾತು ಬಾರದ ಕೂಸನ್ನು ಯಾವ ಧರ್ಮದಲ್ಲಿ ಬೆಳೆಸಬೇಕಿತ್ತು ಎಂಬ ಪ್ರಶ್ನೆಯನ್ನು ಇಂದಿನವರು ಕೇಳಬಹುದು. ಅದು ನ್ಯಾಯವಾದ ಪ್ರಶ್ನೆ, ಅದನ್ನು ಶಾಂತವಾಗಿ ಚರ್ಚಿಸಲು ನಾವು ಸಿದ್ಧರಿರಬೇಕು. ಆದರೆ ಅನ್ನಕ್ಕೆ ಬಂದವರು ಎಂಬ ಮಾತಿಗೆ ನಾವು ತಲೆ ತಗ್ಗಿಸಬೇಕಾಗಿಲ್ಲ. ಹೌದು, ಅನ್ನಕ್ಕೆ ಬಂದೆವು. ಹಸಿದವನಿಗೆ ಊಟ ಕೊಟ್ಟರೆ ನನಗೇ ಕೊಟ್ಟಂತೆ ಎಂದವರ ಮಾತನ್ನು ಯಾರೋ ನಿಜವೆಂದು ನಂಬಿ ಮಾಡಿದ್ದರಿಂದ ನಮ್ಮ ಪೂರ್ವಿಕರು ಜೀವದಿಂದ ಉಳಿದರು. ಸುವಾರ್ತೆ ಅವರಿಗೆ ಮೊದಲು ಗಂಜಿಯ ರೂಪದಲ್ಲಿ ಬಂತು, ಆಮೇಲೆ ಅಕ್ಷರದ ರೂಪದಲ್ಲಿ. ನಮ್ಮ ಬುನಾದಿಗೆ ಅದಕ್ಕಿಂತ ಒಳ್ಳೆಯ ಕಲ್ಲು ಬೇಕೇ?

ಚನ್ನಪ್ಪ ಉತ್ತಂಗಿ ಅವರನ್ನು ನೆನೆಯದೆ ಕರ್ನಾಟಕದಲ್ಲಿ ಈ ಉಪನ್ಯಾಸವನ್ನು ಮುಗಿಸಲು ಆಗದು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ ಬಾಸೆಲ್ ಮಿಷನ್ನಿನಲ್ಲಿ ಸಭಾಪಾಲಕರಾಗಿ ದುಡಿದವರು. ಸರ್ವಜ್ಞನ ತ್ರಿಪದಿಗಳು ಜನರ ಬಾಯಲ್ಲೂ ಹಳೆಯ ಓಲೆಗಳಲ್ಲೂ ಚದುರಿ ಹೋಗಿದ್ದಾಗ ಊರೂರು ತಿರುಗಿ ಕೂಡಿಸಿ, 1924ರಲ್ಲಿ ಅಚ್ಚು ಹಾಕಿಸಿದರು. ಶರಣರ ವಚನಗಳನ್ನು ಸಂಪಾದಿಸಿದರು. ಅನುಭವ ಮಂಟಪ ನಿಜವಾಗಿ ಇತ್ತೇ ಎಂಬ ಅನುಮಾನ ಎದ್ದಾಗ ಅದು ಇತ್ತು ಎಂದು ಪುಸ್ತಕ ಬರೆದು ವಾದಿಸಿದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಒಬ್ಬ ಪಾದ್ರಿ ಸರ್ವಜ್ಞನ ಹಿಂದೆ ಇಷ್ಟು ವರ್ಷ ಯಾಕೆ ತಿರುಗಿದ ಎಂದು ಅವರ ಸಭೆಯ ಕೆಲವರಿಗೂ ಅನಿಸಿದ್ದೀತು. ನನಗೆ ಕಾಣುವುದು ಇದು: ಕೆಳಗೆ ಬಂಡೆ ತಗುಲಿದ ಮನೆಗೆ ಸುತ್ತ ಎತ್ತರದ ಗೋಡೆ ಬೇಕಾಗುವುದಿಲ್ಲ. ನೆರೆಯವನ ಸತ್ಯವನ್ನು ಕಂಡರೆ ನನ್ನ ವಿಶ್ವಾಸ ಕರಗೀತು ಎಂಬ ಭಯ ಇರುವುದು ಪಾಯ ಸಡಿಲ ಇದ್ದವನಿಗೆ. ಉತ್ತಂಗಿಯವರು 1962ರಲ್ಲಿ ತೀರಿಕೊಳ್ಳುವವರೆಗೂ ಕ್ರಿಸ್ತನ ಶಿಷ್ಯರಾಗಿಯೇ ಇದ್ದರು. ಬಸವಣ್ಣನನ್ನು ಓದಿದ್ದರಿಂದ ಅವರಿಗೆ ಏನೂ ಕಡಿಮೆಯಾಗಲಿಲ್ಲ.

ಈಗ ನಮ್ಮ ಮನೆಗಳಿಗೆ ಬರೋಣ. ಈ ಭಾಗ ನನಗೆ ಕಷ್ಟದ್ದು, ಆದರೂ ಹೇಳಬೇಕು.

ಈ ತಾಲ್ಲೂಕಿನಲ್ಲಿ ಇವತ್ತು ಬಂದಿರುವ ಮಳೆ ಬರವಲ್ಲ, ಭೂಮಿಯ ಬೆಲೆ. ನಮ್ಮ ಹಿರಿಯರಿಗೆ ಮಿಷನ್ನಿನಿಂದ ಬಂದ, ಇಲ್ಲವೇ ಕೂಲಿ ಮಾಡಿ ಕೊಂಡ ಅರ್ಧ ಎಕರೆ, ಒಂದು ಎಕರೆ ಈಗ ಕೋಟಿಯ ಮಾತಾಗಿದೆ. ಭಾನುವಾರ ಒಂದೇ ಸಾಲಿನಲ್ಲಿ ಕೂರುವ ಅಣ್ಣತಮ್ಮಂದಿರು ಸೋಮವಾರ ವಿಭಾಗದ ದಾವೆಯಲ್ಲಿ ಎದುರುಬದುರು ನಿಲ್ಲುತ್ತಾರೆ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಹೆಣ್ಣುಮಕ್ಕಳ ವಿಷಯ. ಭಾರತೀಯ ಉತ್ತರಾಧಿಕಾರ ಕಾಯ್ದೆ 1925ರಿಂದಲೂ ಇದೆ. ಕ್ರೈಸ್ತನೊಬ್ಬ ಉಯಿಲು ಬರೆಯದೆ ತೀರಿಕೊಂಡರೆ ಹೆಂಡತಿಗೆ ಮೂರನೇ ಒಂದು ಪಾಲು, ಉಳಿದ ಎರಡು ಪಾಲು ಮಕ್ಕಳಿಗೆ, ಗಂಡು ಹೆಣ್ಣು ಎಂಬ ಭೇದವಿಲ್ಲದೆ ಸಮನಾಗಿ. ಕಾನೂನು ನೂರು ವರ್ಷದಿಂದ ಹೀಗಿದ್ದರೂ ನಮ್ಮ ಮನೆಗಳಲ್ಲಿ ನಡೆಯುವುದು ಏನು? ಅಪ್ಪನ ತಿಂಗಳ ಪೂಜೆಗೆ ಬಂದ ತಂಗಿಗೆ ಒಂದು ಸೀರೆ ಕೊಟ್ಟು, ಊಟ ಬಡಿಸಿ, ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು. ಹಾಕದಿದ್ದರೆ ತವರು ಮುಗಿಯಿತು ಎಂಬ ಹೆದರಿಕೆ. ಅವಳು ಹೌದು ಎನ್ನುತ್ತಾಳೆ. ಆ ಹೌದು ಹೌದೇ ಏನು?

ನನಗೆ ತಿಳಿದ ಒಂದು ಮನೆಯ ಸಂಗತಿ, ಹೆಸರು ಬೇಡ. ರಸ್ತೆಗೆ ಜಮೀನು ಹೋಗಿ ಪರಿಹಾರದ ಹಣ ಬಂತು. ಅಕ್ಕ ಹಿಂದೆಯೇ ಹಕ್ಕು ಬಿಟ್ಟುಕೊಟ್ಟು ಸಹಿ ಹಾಕಿದ್ದಳು, ಆದ್ದರಿಂದ ಪೂರ್ತಿ ಹಣ ತಮ್ಮನ ಖಾತೆಗೆ. ಕಾಗದದ ಲೆಕ್ಕದಲ್ಲಿ ಅವನಿಗೆ ಯಾವ ತೊಡಕೂ ಇರಲಿಲ್ಲ. ತಪಸ್ಸುಕಾಲದಲ್ಲಿ ಒಂದು ಸಂಜೆ ಅವನು ಬ್ಯಾಂಕಿನ ಪಾಸ್‌ಬುಕ್ ಹಿಡಿದು ಅಕ್ಕನ ಮನೆಗೆ ಹೋದ. ಮುಂಗಟ್ಟಿನಲ್ಲಿ ಕೂತು ಪಾಸ್‌ಬುಕ್ ಅವಳ ಮುಂದೆ ಇಟ್ಟ. ಅಕ್ಕ, ಇದರಲ್ಲಿ ಅರ್ಧ ನಿನ್ನದು, ಅವತ್ತು ನಾನು ನಿನ್ನನ್ನು ಕೇಳಿದ್ದು ಸರಿಯಾಗಿ ಕೇಳಿದ್ದಲ್ಲ ಎಂದ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ದುಡ್ಡಿನ ವಿಷಯವಲ್ಲ, ನಿನ್ನ ಹೆಂಡತಿಗೆ ಹೇಳಿ ಬಂದಿದ್ದೀಯಾ ಎಂದು. ಹೇಳಿ ಬಂದಿದ್ದ. ಅವನ ಹೆಂಡತಿಯೇ ಮೊದಲು ಹೇಳಿದ್ದಂತೆ. ಅವರಿಬ್ಬರೂ ಆ ಹಣದಿಂದ ಹೊಸ ಮನೆ ಕಟ್ಟಬೇಕೆಂದಿದ್ದರು. ಒಂದು ಮಹಡಿ ಕಡಿಮೆಯಾಯಿತು. ಬೆಟ್ಟದ ಮೇಲಿನ ಪ್ರಸಂಗದ ಮೇಲೆ ನಾನು ಕೇಳಿರುವ ಎಷ್ಟೋ ಪ್ರವಚನಗಳು ಮರೆತುಹೋಗಿವೆ, ಇದು ಮರೆತಿಲ್ಲ.

ಜಾತಿಯ ಮಾತನ್ನೂ ಮುಚ್ಚಿಡಬಾರದು. 1950ರ ಪರಿಶಿಷ್ಟ ಜಾತಿಗಳ ಆದೇಶದಲ್ಲಿ ದಲಿತ ಕ್ರೈಸ್ತರಿಗೆ ಜಾಗವಿಲ್ಲ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಸಿಕ್ಕ ಮಾನ್ಯತೆ ನಮ್ಮವರಿಗೆ ಸಿಕ್ಕಿಲ್ಲ. ಅದು ಅನ್ಯಾಯ, ಅದಕ್ಕಾಗಿ ಹೋರಾಡಲೇಬೇಕು. ಆದರೆ ಮನವಿ ಪತ್ರಕ್ಕೆ ಸಹಿ ಹಾಕಿದ ಅದೇ ಕೈಯಿಂದ ಮಗಳ ಸಂಬಂಧಕ್ಕೆ ಬಂದ ಹುಡುಗನ ಮೂಲ ಯಾವುದು ಎಂದು ವಿಚಾರಿಸುತ್ತೇವೆ. ಒಂದೇ ರೊಟ್ಟಿಯನ್ನು ಹಂಚಿಕೊಂಡವರು ಮದುವೆಯ ಮಾತು ಬಂದ ಕೂಡಲೇ ಎರಡು ಊರಿನವರಾಗುತ್ತಾರೆ. ಸಿಲುವೇಪುರದ ಆ ಮೊದಲ ಮಕ್ಕಳಿಗೆ ಯಾರೂ ಈ ಪ್ರಶ್ನೆ ಕೇಳಲು ಆಗುತ್ತಿರಲಿಲ್ಲ, ಉತ್ತರ ಬಲ್ಲವರು ಸತ್ತಿದ್ದರು. ಅವರಿಂದ ಬಂದ ನಾವು ಈ ಪ್ರಶ್ನೆಯನ್ನು ಎಲ್ಲಿಂದ ಹೊತ್ತು ತಂದೆವು ಎಂದು ನನಗೆ ಅರ್ಥವಾಗುವುದಿಲ್ಲ.

ಕರ್ನಾಟಕದಲ್ಲಿ ನಾವು ಹೆಚ್ಚು ಮಂದಿ ಇಲ್ಲ. 2011ರ ಜನಗಣತಿಯಲ್ಲಿ ನೂರಕ್ಕೆ ಎರಡರಷ್ಟೂ ಇಲ್ಲ, ಒಟ್ಟು 11 ಲಕ್ಷ 42 ಸಾವಿರ ಚಿಲ್ಲರೆ. ಈ ಸಣ್ಣ ಸಂಖ್ಯೆಯಲ್ಲಿ ಒಂದು ಅನುಕೂಲವಿದೆ. ಯಾವ ಮನೆಯಲ್ಲಿ ಯಾವ ಜಗಳ ಇದೆ ಎಂದು ಪ್ರತಿ ಸಭೆಯ ಹಿರಿಯರಿಗೂ ಗೊತ್ತು.

ಆದ್ದರಿಂದ ಒಂದು ಕೋರಿಕೆ ಇಟ್ಟು ಮಾತು ನಿಲ್ಲಿಸುತ್ತೇನೆ. ಈ ತಾಲ್ಲೂಕಿನ ಎಲ್ಲ ಸಭೆಗಳ ಹಿರಿಯರು, ಕಥೋಲಿಕರು, ಸಿಎಸ್‌ಐನವರು, ಮೆಥೊಡಿಸ್ಟರು ಯಾರೇ ಆಗಲಿ, ಬರುವ ತಪಸ್ಸುಕಾಲ ಮುಗಿಯುವ ಮೊದಲು ಒಮ್ಮೆ ಒಟ್ಟಿಗೆ ಕೂರಿ. ನಿಮ್ಮ ನಿಮ್ಮ ಸಭೆಯಲ್ಲಿ ಅಣ್ಣತಮ್ಮಂದಿರ ನಡುವೆ ಇರುವ ದಾವೆಗಳ ಮನೆಗಳಿಗೆ ಇಬ್ಬಿಬ್ಬರಾಗಿ ಹೋಗಿ. ತಂಗಿಯಿಂದ ಸಹಿ ಪಡೆದ ಮನೆಗಳಲ್ಲಿ ತಂಗಿಯನ್ನು ಬೇರೆಯಾಗಿ ಕೂರಿಸಿ ಕೇಳಿ, ಅಣ್ಣನ ಎದುರಿಗೆ ಬೇಡ. ರಾಜಿಗೆ ಒಪ್ಪದ ಕಡೆ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಹೆಣ್ಣುಮಕ್ಕಳಿಗೆ ವರಮಾನದ ಮಿತಿ ಇಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ನ್ಯಾಯಾಲಯದಲ್ಲಿ ವಿಚಾರಿಸಿ, ಅರ್ಜಿ ಬರೆಯಲು ಬಾರದವರಿಗೆ ನಮ್ಮ ಓದಿದ ಹುಡುಗ ಹುಡುಗಿಯರು ಬರೆದುಕೊಡಲಿ. ಕನ್ನಡದಲ್ಲಿ ಬರೆದರೆ ಸಾಕು. ನನ್ನನ್ನು ಕರೆದರೆ ಯಾವ ಮನೆಗಾದರೂ ನಿಮ್ಮ ಜೊತೆ ಬರುತ್ತೇನೆ.